ಬೆಳ್ಳಿ ಉಡಿದಾರದ ತೂಕ

ಯುದ್ಧದ ಕಾಲ. ಹಲಸೂರಿನ ನಮ್ಮ ಬೀದಿಯಲ್ಲಿ ಮಿಲಿಟರಿ ಲಾರಿಗಳು ಹೆಚ್ಚಿದಷ್ಟೂ ಅಕ್ಕಿ ಕಾಣೆಯಾಗುತ್ತಿತ್ತು. ಎರಡು ವರ್ಷದ ನನ್ನ ತಂಗಿ ದಡಾರ ಬಂದು ಹೋದ ಮೇಲೆ ನಡೆಯುವುದನ್ನೇ ಬಿಟ್ಟಿದ್ದಳು. ಅಷ್ಟರಲ್ಲಿ ಸರ್ಕಾರಕ್ಕೆ ಮಕ್ಕಳ ನೆನಪಾಯಿತು. ಕೆರೆಯ ಹತ್ತಿರದ ಹುಣಸೆಮರದ ಕೆಳಗೆ ಮಕ್ಕಳನ್ನು ತೂಗಿ, ತೂಕ ಕಡಿಮೆ ಇದ್ದವರಿಗೆ ಹಾಲಿನ ಪುಡಿ ಕೊಡುತ್ತಾರೆಂದು ಸುದ್ದಿ ಬಂತು. ಆ ಹಾಲು ಸಿಕ್ಕರೆ ತಂಗಿ ಉಳಿದಾಳೆಂದು ಅಮ್ಮ ಕಂಡ ದೇವರಿಗೆಲ್ಲ ಕೈಮುಗಿದಳು.

ಅಜ್ಜಿಯ ಚಿಂತೆಯೇ ಬೇರೆ. "ಸರ್ಕಾರದೋರ ಮುಂದೆ ಮಗೂನ ಬರಿಮೈಲಿ ನಿಲ್ಲಿಸ್ತೀಯಾ? ನಾಲ್ಕು ಜನ ಏನಂತಾರೆ?" ಎಂದು ಅಮ್ಮನನ್ನು ಗದರಿದಳು. ಪಕ್ಕದ ಮನೆ ಯಜಮಾನರ ಗಟ್ಟಿ ಬೆಳ್ಳಿ ಉಡಿದಾರವನ್ನು ಕೇಳಿ ತಂದು, ತಂಗಿಯ ಸೊಂಟಕ್ಕೆ ಸುತ್ತಿದಳು. ಕಾಲಿಗೆ ಕಡಗ, ಮೈಗೆ ಉಣ್ಣೆಯ ಅಂಗಿ, ತಲೆಗೆ ಕುಲಾವಿ. ಹೊರಡುವಾಗ ನನ್ನ ಪಾಲಿನ ಗಂಜಿಯನ್ನೂ ಅವಳಿಗೇ ಕುಡಿಸಿದಳು.

ಕೊಂಬೆಗೆ ತೂಕದ ಯಂತ್ರ, ಅದಕ್ಕೊಂದು ಬಟ್ಟೆಯ ಜೋಲಿ. ಡಾಕ್ಟರಮ್ಮನಿಗೆ ಯಂತ್ರದ ಮುಳ್ಳು ನೋಡಿ ಮುಗಿಯುತ್ತಿರಲಿಲ್ಲ, ಮಗುವನ್ನು ನೋಡಲು ಪುರುಸೊತ್ತೆಲ್ಲಿ? ದಿನಸಿ ಅಂಗಡಿಯವರ ದುಂಡುಮಗ ಬಟ್ಟೆ ಕಿತ್ತೆಸೆದು, ಕೊಸರಾಡಿ, ಜೋಲಿಯಿಂದ ಎರಡೂ ಕಾಲನ್ನು ನೆಲಕ್ಕೂರಿದ. ಮುಳ್ಳು ಸರ್ರನೆ ಇಳಿಯಿತು. ಅವನಿಗೆ ಹಾಲು ಸಿಕ್ಕಿತು. ತಂಗಿ ಮಾತ್ರ ಅಲುಗಾಡದೆ ಕೂತಳು. ಅಲುಗಾಡುವ ಶಕ್ತಿ ಇದ್ದರೆ ತಾನೆ!

"ವೆರಿ ಗುಡ್, ಇದಕ್ಕೇನೂ ಬೇಡ," ಎಂದರು ಡಾಕ್ಟರಮ್ಮ.

ಮೊಮ್ಮಗಳು ಮೆಟ್ರಿಕ್ ಪಾಸಾದಳೇನೋ ಎಂಬಂತೆ ಅಜ್ಜಿ ಬೀಗಿದಳು. ಮನೆಗೆ ಬಂದವಳೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ, "ಎಲ್ಲರ ಕಣ್ಣೂ ನಮ್ಮ ಮಗು ಮೇಲೇ ಇತ್ತು ಕಣೇ," ಎಂದಳು. ಡಾಕ್ಟರಮ್ಮನ ಕಣ್ಣೊಂದನ್ನು ಬಿಟ್ಟು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪಕ್ಕದ ಮನೆಯವರು ಬೆಳ್ಳಿ ಕೇಳಲು ಬಂದರು. ಅಂಗಿ, ಕಡಗ, ಉಡಿದಾರ ಎಲ್ಲ ಬಿಚ್ಚಿದ ಮೇಲೆ ಉಳಿದವಳು ತಂಗಿ. ಬಹಳ ಸ್ವಲ್ಪವೇ ಉಳಿದಿದ್ದಳು. ಅಮ್ಮ ಅವಳನ್ನು ಬರಿಮೈಯಲ್ಲೇ ಎತ್ತಿಕೊಂಡು ಓಡಿದಳು. ನಾನೂ ಹಿಂದೆ ಓಡಿದೆ. ಮರದ ಕೆಳಗೆ ಯಂತ್ರವನ್ನು ಆಗಲೇ ಕಾರಿಗೆ ಏರಿಸಿದ್ದರು.

"ಇನ್ನೊಂದ್ಸಲ ನೋಡ್ಬಿಡಿ, ಡಾಕ್ಟ್ರಮ್ಮ," ಎಂದಳು ಅಮ್ಮ.

"ಯಂತ್ರ ಸುಳ್ಳು ಹೇಳಲ್ಲಮ್ಮ. ಬರೋ ತಿಂಗಳು ಬನ್ನಿ."

ಅಮ್ಮ ತಂಗಿಯನ್ನು ಅವರ ಕೈಗೇ ಕೊಟ್ಟುಬಿಟ್ಟಳು. ಭಾರವಿರುತ್ತದೆಂದು ಬಿಗಿಹಿಡಿದಿದ್ದ ಡಾಕ್ಟರಮ್ಮನ ಕೈಗಳು ತಟಕ್ಕನೆ ಮೇಲಕ್ಕೆದ್ದವು. ಅವರು ಆಗ ಮೊದಲ ಸಲ ತಂಗಿಯ ಮುಖ ನೋಡಿದರು. ಡ್ರೈವರನ ಕಡೆ ತಿರುಗಿ, "ಹಾಲಿನ ಡಬ್ಬ ಇಳಿಸಪ್ಪಾ," ಎಂದರು.