ರೋಂಡಾ ಬಸ್ಸಿನಲ್ಲಿ ಅರಳಿದ ಮಲ್ಲಿಗೆ

ಅದಕ್ಕೇ ಹೇಳಿದ್ದು, ಮಾಲಗಾದಲ್ಲಿ ರೂಮು ಹಿಡಿಯೋದಾದರೆ ತ್ರಿನಿ ಆಂಟಿಯ ಮನೆಯಲ್ಲೇ ಹಿಡಿಯಬೇಕು ಅಂತ. ನಾನು ಅದೇ ಕಟ್ಟಡದ ಮೇಲಿನ ಮಹಡಿಯವಳು, ಹುಟ್ಟಿದಾಗಿಂದ ನೋಡುತ್ತಿದ್ದೇನೆ. ಬೆಳಿಗ್ಗೆ ಬ್ರೆಡ್ಡಿಗೆ ಟೊಮೇಟೊ ಉಜ್ಜುತ್ತಾ ಬಾಡಿಗೆಯವರಿಗೆಲ್ಲ ದಾರಿ ಹೇಳುತ್ತಾಳೆ. "ನೆರ್ಹಾಕ್ಕಾ? ಬಸ್ಸಲ್ಲಿ ಬಲಗಡೆ ಕೂತ್ಕೊಳ್ಳಿ, ಸಮುದ್ರ ಕಾಣತ್ತೆ. ರೋಂಡಾಕ್ಕಾ? ಸೇತುವೆ ಮೇಲೆ ಟೋಪಿ ಗಟ್ಟಿಯಾಗಿ ಹಿಡ್ಕೊಳ್ಳಿ, ಗಾಳಿ ಎಗರಿಸ್ಬಿಡತ್ತೆ." ಅವರೆಲ್ಲ ಖುಷಿಯಾಗಿ ಹೊರಟು, ಸಂಜೆ ಕೆಂಪಗೆ ಸುಟ್ಟ ಮೂಗು ಹೊತ್ತುಕೊಂಡು ವಾಪಸ್ಸು ಬರುತ್ತಾರೆ.

ಆದರೆ ನಾನು ಹೇಳಹೊರಟಿದ್ದು ಹೂ ಮಾರುವ ಫ್ರಾಸ್ಕೊ ಕತೆ. ಬಿಳಿ ಅಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ಕೈಯಲ್ಲೊಂದು ಪಾಪಸುಕಳ್ಳಿಯ ದಪ್ಪ ಎಲೆ. ಆ ಎಲೆಗೆ ಸಾಲಾಗಿ ಸಿಕ್ಕಿಸಿದ ಬಿಳಿ ಚೆಂಡುಗಳೇ ನಮ್ಮೂರಿನ ಬಿಸ್ನಾಗಾ. ಒಣಗಿದ ಕಾಡುಗಿಡದ ಒಂದೊಂದು ಕಡ್ಡಿಗೂ ಒಂದೊಂದು ಮಲ್ಲಿಗೆ ಮೊಗ್ಗು ಚುಚ್ಚಿ ಮಾಡೋದು. ಮಾರುವಾಗ ಮೊಗ್ಗೇ ಆಗಿರಬೇಕು. ಕೊಂಡವರ ಕೈಯಲ್ಲಿ, ಕತ್ತಲಾಗುತ್ತಾ ಅರಳಬೇಕು. ಮೊದಲೇ ಅರಳಿದ್ದನ್ನು ಫ್ರಾಸ್ಕೊ ಮಾರೋದೂ ಇಲ್ಲ, ಉಡುಗೊರೆ ಕೊಡೋದೂ ಇಲ್ಲ. ನಿನ್ನೆಯ ಮೀನು ಮಾರಿದಷ್ಟೇ ಅವಮಾನ ಅವನಿಗೆ.

ಬೇಸಿಗೆಯ ಪ್ರತಿ ಸಂಜೆ ಮೊದಲ ಬಿಸ್ನಾಗಾ ತ್ರಿನಿ ಆಂಟಿಗೆ. ಅವಳು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಾಳೆ, ಇವನು ಹೂ ಇಡುತ್ತಾನೆ, ಬುಟ್ಟಿ ಮೇಲೆ ಹೋಗುತ್ತದೆ. ಮಾತಿಲ್ಲ ಕತೆಯಿಲ್ಲ. ಇವನಿಗೆ ಹೆಂಡತಿ ಇಲ್ಲ, ಅವಳಿಗೆ ಗಂಡ ಇಲ್ಲ. ಬೀದಿಗೆಲ್ಲ ಗೊತ್ತಿದ್ದ ವಿಷಯ ಇವರಿಬ್ಬರಿಗೇ ಗೊತ್ತಿಲ್ಲದ ಹಾಗೆ ವರ್ಷಗಟ್ಟಲೆ ನಡೆಯಿತು.

ಹೋದ ಆಗಸ್ಟಿನಲ್ಲಿ ಒಂದು ಸಂಜೆ ಫ್ರಾಸ್ಕೊ ಬುಟ್ಟಿ ಹಿಡಿದುಕೊಂಡು ಬಿಡಲೇ ಇಲ್ಲ.

"ತ್ರಿನೀ, ಈ ಬುಟ್ಟಿ ಸಾಕಾಯ್ತು. ನಾನೇ ಮೇಲೆ ಬಂದ್ಬಿಡ್ಲಾ? ಖಾಯಮ್ಮಾಗಿ?"

ನಾನು ಮೇಲಿನ ಬಾಲ್ಕನಿಯಿಂದ ಬಗ್ಗಿದೆ. ಎದುರುಮನೆಯವರು ಟೀವಿ ಸದ್ದು ಕಮ್ಮಿ ಮಾಡಿದರು.

"ಏಯ್, ಬಂದರು ದಾಟಿ ಹೋಗದೇ ಇರೋನು ನೀನು!" ಅಂದಳು ತ್ರಿನಿ ಆಂಟಿ. "ಜಗತ್ತೇ ಬಂದು ನಮ್ಮನೇಲಿ ಇಳ್ಕೊಂಡು ಊರೂರು ಸುತ್ತತ್ತೆ. ನೀನು ರೋಂಡಾನಾದ್ರೂ ನೋಡಿದೀಯಾ? ಹೋಗಿ ಬಾ. ಬಂದು ಹೇಗಿದೆ ಹೇಳು. ಆಮೇಲೆ ಮಿಕ್ಕಿದ್ದು."

"ಹೂವು?"

"ಹೂವು ತಪ್ಪಿದ್ರೆ ಬಾಗಿಲು ಮರೆತ್ಬಿಡು!"

ಮಾರನೇ ದಿನವೇ ಹೊರಟೆವು. ನಾನ್ಯಾಕೆ ಅಂದರೆ, ಅವನಿಗೆ ಬಸ್ಸಿನ ಟಿಕೆಟ್ ಮೊಬೈಲಿನಲ್ಲಿ ತೆಗೆಯೋದಕ್ಕೆ ಬರೋದಿಲ್ಲ. ಅದೂ ಅಲ್ಲದೆ, ನನ್ನನ್ನು ಬಿಟ್ಟು ಹೋಗಿದ್ದರೆ ನಾನು ಸತ್ತೇ ಹೋಗುತ್ತಿದ್ದೆ! ಫ್ರಾಸ್ಕೊ ಬೆಳಗ್ಗೆಯೇ ಬಿಡಿಸಿದ ಮೊಗ್ಗುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಬಸ್ಸಿನಲ್ಲೇ ಕೂತು ಚುಚ್ಚುತ್ತಾ ಹೋದ. ಪಕ್ಕದ ಸೀಟಿನ ಜರ್ಮನ್ ಅಜ್ಜಿಯೂ ಕೈಹಾಕಿ ಬೆರಳು ಚುಚ್ಚಿಕೊಂಡಳು.

ರೋಂಡಾ ಸೇತುವೆಯ ಮೇಲೆ ನಿಂತು ಕೆಳಗಿನ ಕಣಿವೆಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಟೋಪಿ ಹಾರಿಹೋಯಿತು. "ಥೂ! ತ್ರಿನಿ ಹೇಳಿದ್ಲು," ಅಂದ.

ಆದರೆ ಅವತ್ತೇ ತೆರ್ರಾಲ್ ಬೀಸಬೇಕೆ! ಒಳನಾಡಿನ ಆ ಬಿಸಿಗಾಳಿ ಬಂತೆಂದರೆ ಮಾಲಗಾದವರು ಕಿಟಕಿ ಮುಚ್ಚಿಕೊಂಡು ಮನೆಯಲ್ಲಿ ಬಿದ್ದಿರುತ್ತಾರೆ. ವಾಪಸ್ಸು ಬರುವ ಬಸ್ಸಿನಲ್ಲಿ ತಂಪುಗಾಳಿಯ ಯಂತ್ರ ಬೇರೆ ಕೈಕೊಟ್ಟಿತು. ಬೆಟ್ಟದ ತಿರುವುಗಳು ಮುಗಿಯುವ ಮೊದಲೇ ಬಸ್ಸು ಪೂರ್ತಿ ಘಮ್ಮೆಂದಿತು.

ಫ್ರಾಸ್ಕೊ ಬಿಸ್ನಾಗಾಗಳಿಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಡಿಸಿದ. ಎಲ್ಲವೂ ಅರಳಿದ್ದವು. ಒಂದೂ ಬಿಡದೆ.

ಜನ ಚಪ್ಪಾಳೆ ಹೊಡೆದರು! ಜರ್ಮನ್ ಅಜ್ಜಿ ಪರ್ಸು ತೆಗೆದಳು. ಇವನು ಮಾತ್ರ ಬಿಳಿಚಿಕೊಂಡು ಕೂತುಬಿಟ್ಟ.

"ಫ್ರಾಸ್ಕೊ, ಒಂದನ್ನು ಆಂಟಿಗೆ ಇಟ್ಕೊ," ಅಂದೆ. "ಅರಳಿದ್ರೇನಂತೆ, ವಾಸನೆ ಇದೆಯಲ್ಲ."

"ಸಂಜೆ ಹೊತ್ತಿಗೆ ಬಾಡಿರತ್ತೆ ಮಗಳೇ. ಬಾಡಿದ್ದನ್ನ ಅವಳಿಗೆ ಕೊಡ್ಲಾ? ನಾನು ಫ್ರಾಸ್ಕೊ ಕಣೇ!"

ಒಂದು ಬಿಡಿಗಾಸೂ ಮುಟ್ಟದೆ ಎಲ್ಲವನ್ನೂ ಬಸ್ಸಿನವರಿಗೆ ಹಂಚಿಬಿಟ್ಟ, ಡ್ರೈವರಿಗೂ ಸೇರಿ. ಕೈಯಲ್ಲಿ ಉಳಿದದ್ದು ಹೂ ಚುಚ್ಚಿರದ ಒಂದೇ ಒಂದು ಬೋಳು ಕಡ್ಡಿಗೊಂಚಲು.

ಸಂಜೆ ಬಾಲ್ಕನಿ ಕೆಳಗೆ ಬಂದು ನಿಂತಾಗ ಅವನ ಮುಖ ನೋಡಬೇಕಿತ್ತು ನೀವು. ಬುಟ್ಟಿ ಇಳಿಯಿತು. ಫ್ರಾಸ್ಕೊ ಆ ಬೋಳು ಕಡ್ಡಿಯನ್ನೇ ಇಟ್ಟ. ಬುಟ್ಟಿ ಮೇಲೆ ಹೋಯಿತು.

"ಇದೇನೋ ಇದು, ಮೀನಿನ ಮುಳ್ಳಾ?" ಮೇಲಿಂದ ದನಿ ಬಂತು.

"ಅರಳ್ಬಿಟ್ಟವು ತ್ರಿನಿ. ದಾರೀಲೇ."

"ರೋಂಡಾ ಹೇಗಿತ್ತು?"

ಫ್ರಾಸ್ಕೊ ಯೋಚಿಸಿದ. "ಆಳ ಇದೆ. ಸಿಕ್ಕಾಪಟ್ಟೆ ಆಳ. ನೀನು ಪಕ್ಕದಲ್ಲಿದ್ದಿದ್ರೆ ಇನ್ನೂ ಸ್ವಲ್ಪ ಹೊತ್ತು ನೋಡ್ತಿದ್ದೆ. ಟೋಪಿನೂ ಹೋಯ್ತು."

ತ್ರಿನಿ ಆಂಟಿ ಕಂಬಿ ಹಿಡಿದು ಕೆಳಗೆ ಬಗ್ಗಿದಳು. ಆಮೇಲೆ ನಗೋದಕ್ಕೆ ಶುರು ಮಾಡಿದಳು ನೋಡಿ, ಕಣ್ಣಲ್ಲಿ ನೀರು ಬರೋ ತನಕ.

"ಹಾಗಾದ್ರೆ ಟೋಪಿ ನಿಜವಾಗ್ಲೂ ಹಾರತ್ತಾ! ಬಾಡಿಗೆಯವರು ಹೇಳಿದ್ದನ್ನೇ ಹೇಳ್ತಿದ್ದೆ ಕಣೋ. ನಾನೂ ಎಲ್ಲಿ ನೋಡಿದೀನಿ ರೋಂಡಾನಾ? ಇವ್ರಿಗೆಲ್ಲ ಹಾಸಿಗೆ ಹಾಸೋದ್ರಲ್ಲೇ ಆಯ್ತು ನನ್ನ ಬಾಳು."

"ಬಾಗಿಲು?"

"ತೆಗೆದೇ ಇದೆ, ಪೆದ್ದೇ. ಬಿಸಿಗಾಳೀಲಿ ನಿಲ್ಬೇಡ, ಬಾ."

ಎದುರುಮನೆಯವರ ಶಿಳ್ಳೆ ಬಂದರಿನ ತನಕ ಕೇಳಿಸಿರಬೇಕು!

ಈಗ ವಾರಕ್ಕೊಂದು ದಿನ ಬಾಡಿಗೆಯವರೇ ತಮ್ಮ ಬ್ರೆಡ್ಡಿಗೆ ತಾವೇ ಟೊಮೇಟೊ ಉಜ್ಜಿಕೊಳ್ಳಬೇಕು. ಆವತ್ತು ಅವರಿಬ್ಬರೂ ಬಸ್ಸಿನಲ್ಲಿ, ಬಲಗಡೆ ಸೀಟು. ಫ್ರಾಸ್ಕೊ ಮಾರುವ ಚೌಕದಲ್ಲಿ ಆ ಸಂಜೆ ಹೂವೂ ಇಲ್ಲ. ಆ ಬೋಳು ಕಡ್ಡಿ ಅಡುಗೆಮನೆಯ ಗೋಡೆಯ ಮೇಲಿದೆ. ನೀವು ಈ ಕಡೆ ಬಂದರೆ ಹಗಲೆಲ್ಲ ಎಲ್ಲಿ ಬೇಕಾದರೂ ಸುತ್ತಿ, ಆದರೆ ಬಿಸಿಲಿಳಿಯುವ ಹೊತ್ತಿಗೆ ಆ ಬಾಲ್ಕನಿ ಕೆಳಗೆ ಬಂದು ಒಂದು ಕೂಗು ಹಾಕಿ. ರೋಂಡಾ ಹೇಗಿದೆ ಅಂತ ಫ್ರಾಸ್ಕೊನನ್ನು ಕೇಳಿ ನೋಡಿ. ಬನ್ನಿ, ನಿಜವಾಗಲೂ ಬನ್ನಿ.