ಯೋಹಾನನನ್ನು ಮುಳುಗಿಸಿದವರು ಯಾರು?

೧೯೮೦ರ ಸುಮಾರಿಗೆ ದಾಂಡೇಲಿಯ ನಮ್ಮ ಸಣ್ಣ ಕ್ರೈಸ್ತ ಸಭೆಗೆ ಹೊರಗಿನ ಬ್ಯಾಪ್ಟಿಸ್ಟ್ ಪಾಸ್ಟರೊಬ್ಬರು ಬಂದಿದ್ದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನದು.

"ಯೇಸುವನ್ನೇ ಹೊಳೆಯಲ್ಲಿ ಮುಳುಗಿಸಿದ ಸ್ನಾನಿಕ ಯೋಹಾನನಿಂದ ನನ್ನವರೆಗೆ, ಒಬ್ಬರು ಇನ್ನೊಬ್ಬರನ್ನು ಮುಳುಗಿಸುತ್ತ ಬಂದ ನಮ್ಮ ಸರಪಳಿ ಎಲ್ಲೂ ಕಡಿದಿಲ್ಲ. ಅದರೊಳಗಿನವರು ಮುಳುಗಿಸದಿದ್ದರೆ ಅದು ದೀಕ್ಷಾಸ್ನಾನವೇ ಅಲ್ಲ. ನಾಳೆ ಎಲ್ಲರೂ ಕಾಳಿ ಹೊಳೆಯಲ್ಲಿ ಮತ್ತೆ ಮುಳುಗಿ," ಎಂದರು.

ಹಾಗೇ ಕನ್ನಡದಲ್ಲಿ ಹೇಳಿದೆ. ಮುಂದೆ ಕೂತಿದ್ದ ಅವ್ವನ ಮುಖ ಸಣ್ಣದಾಯಿತು. ಅವಳನ್ನು ಮುಳುಗಿಸಿದ್ದು ಹಳಿಯಾಳದಲ್ಲಿ ಬಡಿಗತನ ಮಾಡುತ್ತಿದ್ದ, ಯಾವ ಸರಪಳಿಗೂ ಸೇರದ ಒಬ್ಬ ಅಜ್ಜ. "ಹಂಗಾರ ಇಷ್ಟು ವರ್ಷ ನಾ ಪ್ರಾರ್ಥನಾ ಮಾಡಿದ್ದು ಏನಾತಪಾ?" ಎಂದು ನನ್ನನ್ನೇ ಕೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಅನುವಾದ ಬಿಟ್ಟು ಪಾಸ್ಟರನ್ನು ನಾನೇ ಕೇಳಿದೆ: "ಆ ಯೋಹಾನನನ್ನು ಮುಳುಗಿಸಿದವರು ಯಾರು?"

ಅವರು ಬೈಬಲಿನ ಹಾಳೆ ತಿರುವಿ, ಮತ್ತೆ ತಿರುವಿ, "ಯಾರೂ ಇಲ್ಲ. ಅವನಿಗೆ ಅಧಿಕಾರ ನೇರ ದೇವರಿಂದಲೇ ಬಂತು," ಎಂದರು.

ಇದನ್ನು ಮಾತ್ರ ಎರಡು ಸಲ, ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ. ಅವ್ವ ನೆಟ್ಟಗೆ ಕೂತಳು. "ಹೇಳಪಾ ಅವರಿಗೆ, ನಮ್ಮ ಅಜ್ಜಗೂ ಅಲ್ಲಿಂದನ ಬಂದೈತಿ ಅಂತ!"

ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಸಭೆಯೆಲ್ಲ "ಆಮೆನ್" ಎಂದು ಕೂಗಿತು.

ಮರುದಿನ ಕಾಳಿಗೆ ಇಳಿದವರು ಪಾಸ್ಟರೊಬ್ಬರೇ. ಅದೂ ಜಳಕಕ್ಕೆ.