ಕೆಂಪು ಗೆರೆ ಎಳೆದ ಮೆಟ್ಟಿಲುಗಳು

ಹೋದ ವಾರ ಮಿಯಾಪುರದಿಂದ ಹೊರಟ ಮೆಟ್ರೋದಲ್ಲಿ ಪಕ್ಕ ಕೂತಿದ್ದ ಹುಡುಗಿ ಪುಟ್ಟ ಬಾಟಲಿ ತೆರೆದು ಉಗುರಿನ ಬಣ್ಣ ಒರೆಸತೊಡಗಿದಳು. ಸಿಹಿಯಾದ, ತಣ್ಣನೆಯ ವಾಸನೆ. ಅಸಿಟೋನ್. ನನ್ನ ನಿಲ್ದಾಣ ಇನ್ನೂ ದೂರವಿತ್ತು, ಮುಂದಿನದರಲ್ಲೇ ಇಳಿದುಬಿಟ್ಟೆ. ಬೆಂಚಿನ ಮೇಲೆ ಕೂತಾಗ ಮೊದಲು ನೆನಪಾದದ್ದು ಬೆಂಕಿಯಲ್ಲ, ಕಾಕಾ ಬ್ಲೇಡಿನಿಂದ ನಿಧಾನವಾಗಿ ಪೆನ್ಸಿಲ್ ಕೆತ್ತುತ್ತಿದ್ದ ರೀತಿ...

ಅವರು ನಮಗೆ ಸಂಬಂಧಿಕರೇನಲ್ಲ. ನಾಚಾರಂನ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿದ್ದ ಹಿರಿಯ ಇಂಜಿನಿಯರ್. ಬೀದರ ಕಡೆಯವರು. ನನ್ನದೂ ಕನ್ನಡವೆಂದು ತಿಳಿದ ದಿನವೇ, "ಸರ್ ಗಿರ್ ಬ್ಯಾಡವ್ವಾ, ಕಾಕಾ ಅನ್ನು" ಅಂದಿದ್ದರು.

ಔಷಧ ಕಾರ್ಖಾನೆಗಳು ಬಳಸಿ ಬಿಟ್ಟ ಅಸಿಟೋನನ್ನು ನೀರಿನಿಂದ ಬೇರ್ಪಡಿಸುವುದು ನಮ್ಮ ಕೆಲಸ. ಕೊಳವೆಯಂಥ ಎತ್ತರದ ಉಕ್ಕಿನ ಕಾಲಂ, ಅದರೊಳಗೆ ಒಂದರ ಮೇಲೊಂದು ತೂತುಗಳಿರುವ ಇಪ್ಪತ್ತು ತಟ್ಟೆ, ಅಂದರೆ ಟ್ರೇ. ಕೆಳಗಿನಿಂದ ಹಬೆ ಕೊಟ್ಟರೆ ಅಸಿಟೋನ್ ಆವಿಯಾಗಿ ಮೇಲೇರುತ್ತದೆ, ಬಿಸಿನೀರು ಕೆಳಗಿಳಿದು ತೆರೆದ ತೊಟ್ಟಿಗೆ ಹರಿಯುತ್ತದೆ. ಹಬೆ ಸಾಲದಿದ್ದರೆ ಅಸಿಟೋನ್ ಕೂಡ ನೀರಿನ ಜೊತೆಗೇ ತೊಟ್ಟಿಗೆ ಇಳಿಯುತ್ತದೆ. ಆಮೇಲೆ ಒಂದು ಕಿಡಿ ಸಾಕು.

ಎಷ್ಟು ಹಬೆ ಬೇಕೆಂಬುದನ್ನು ಕಾಕಾ ಗ್ರಾಫ್ ಹಾಳೆಯ ಮೇಲೆ ಕಂಡುಕೊಳ್ಳುತ್ತಿದ್ದರು. ಹೊಸ ಸರಕು ಬಂದಾಗಲೆಲ್ಲ ಹೊಸ ಹಾಳೆ. ಒಂದು ಬಾಗಿದ ಗೆರೆ, ಅದರ ಕೆಳಗೆ ನೇರ ಗೆರೆ, ಎರಡರ ನಡುವೆ ಇಳಿಯುವ ಮೆಟ್ಟಿಲುಗಳು. ಒಂದು ಮೆಟ್ಟಿಲೆಂದರೆ ಒಂದು ಟ್ರೇ; ಟ್ರೇ ಕಡಿಮೆಯಾದಷ್ಟೂ ಹಬೆ ಹೆಚ್ಚು ಬೇಕು. ಕೊನೆಯ ನಾಲ್ಕು ಮೆಟ್ಟಿಲುಗಳ ಮೇಲೆ ಮಾತ್ರ ಕೆಂಪು ಪೆನ್ಸಿಲಿನ ಅಡ್ಡಗೆರೆ. ವರ್ಷವಿಡೀ ಆ ಗೆರೆಗಳನ್ನು ನೋಡಿದೆ. ಹಳಬರ ಅಭ್ಯಾಸವಿರಬೇಕು ಅಂದುಕೊಂಡೆ. ಕೇಳಲಿಲ್ಲ.

ಆಮೇಲೆ ನನ್ನ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬಂತು. ಕಾಕಾ ಚಹಾ ಹಿಡಿದುಕೊಂಡು ಬಂದು, "ಏನಂತೈತಿ ನಿನ್ನ ಡಬ್ಬಿ?" ಎಂದು ಕೆಣಕುತ್ತಿದ್ದರು. ಅವರ ಪೆನ್ಸಿಲ್ ಮೊಂಡಾಗುವುದರೊಳಗೆ ಇದು ಹತ್ತು ಸಲ ಲೆಕ್ಕ ಮುಗಿಸುತ್ತದೆ ಎಂದು ನಾನೂ ತಿರುಗಿಸಿ ಹೇಳುತ್ತಿದ್ದೆ. ಆ ಬೇಸಿಗೆಯಲ್ಲಿ ಬಂದ ಒಂದು ಸರಕಿಗೆ ಮ್ಯಾನೇಜರ್ ಮೊದಲ ಬಾರಿಗೆ ಗ್ರಾಫ್ ಬೇಡ, ಸಾಫ್ಟ್‌ವೇರ್ ಲೆಕ್ಕವೇ ಸಾಕು ಎಂದರು. ಕಾಲಮ್ಮಿಗೆ ಬಡಿದ ಫಲಕದಲ್ಲಿ ಟ್ರೇಗಳ ಸಂಖ್ಯೆ ಇಪ್ಪತ್ತು ಎಂದಿತ್ತು. ನಾನು ಇಪ್ಪತ್ತೇ ತುಂಬಿದೆ. ಹಬೆಯನ್ನು ಸಾಕಷ್ಟು ಇಳಿಸಬಹುದೆಂದು ಉತ್ತರ ಬಂತು. ಕಾಕಾ ಆ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಏನೋ ಕೇಳುವವರಂತೆ ನನ್ನತ್ತ ನೋಡಿದರು... ಕೇಳದೆ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಹನ್ನೊಂದರ ಸುಮಾರು. ನಾನು ಮೇಲಿನ ಅಟ್ಟಣೆಯಲ್ಲಿ ಮೀಟರ್ ಓದುತ್ತಿದ್ದೆ. ಕೆಳಗೆ ತೊಟ್ಟಿಯ ಪಕ್ಕದ ಕಬ್ಬಿಣದ ಕಟಕಟೆ ಮುರಿದಿತ್ತು. ಅದನ್ನು ಬೆಸೆಯಲು ಬಂದ ವೆಲ್ಡರ್ ಒಬ್ಬ ಆಗಷ್ಟೇ ತನ್ನ ವೈರುಗಳನ್ನು ಬಿಚ್ಚಿ ಹರಡುತ್ತಿದ್ದ. ಆಪರೇಟರ್ ಮೂಗು ಉಜ್ಜಿಕೊಳ್ಳುತ್ತ, "ಸಾಬ್, ಪಾನೀ ಮೇ ಬಾಸ್ ಆ ರೀ" ಎಂದು ಕಾಕಾಗೆ ಹೇಳಿದ. ನೀರು ವಾಸನೆ ಬರುತ್ತಿದೆಯೆಂದು, ಅಷ್ಟೇ, ದೂರಿನ ಧಾಟಿಯಲ್ಲಿ. ಕಾಕಾ ತೊಟ್ಟಿಯತ್ತ ತಿರುಗಿದರು. ಮೇಲಿನಿಂದ ನನಗೂ ಕಂಡಿತು. ತೊಟ್ಟಿಯ ಮೇಲೆ ಗಾಳಿ ನಡುಗುತ್ತಿತ್ತು. ಅದು ಏನೆಂದು ನನಗೆ ಗೊತ್ತಿತ್ತು. ಆದರೂ ಕೂಗುವ ಬದಲು ಮೀಟರಿನತ್ತ ತಿರುಗಿ ನೋಡಿದೆ. ವೆಲ್ಡರ್ ಮುಖಕ್ಕೆ ಗುರಾಣಿ ಹಿಡಿದ. ಕಾಕಾ ಓಡಿದರು, ಆ ವಯಸ್ಸಿನಲ್ಲಿ. ಅವನ ಕಾಲರಿಗೆ ಕೈ ಹಾಕಿ ಹಿಂದಕ್ಕೆ ಎಸೆದದ್ದು ಕಂಡಿತು. ಆಮೇಲೆ ಬೆಳಕು... ಮೊದಲು ಸದ್ದೇ ಇರಲಿಲ್ಲ.

ವೆಲ್ಡರ್ ಉಳಿದ. ಕಾಕಾ ಆಸ್ಪತ್ರೆಯಲ್ಲಿ ನಾಲ್ಕು ದಿನ ಬದುಕಿದ್ದರು. ಎರಡನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಇಪ್ಪತ್ತು ಎಂದು ತುಂಬಿದ್ದೆ ಅಂದೆ.

"ಕೆಳಗಿನ ನಾಕು ಟ್ರೇ ತುಕ್ಕು ತಿಂದು ಹೋಗ್ಯಾವ. ಭಾಳ ದಿನ ಆತು" ಎಂದರು. ತುಸು ಹೊತ್ತು ಉಸಿರು ಎಳೆದುಕೊಂಡು, "ನಿನ್ನ ಡಬ್ಬಿಗೆ ಗೊತ್ತಿರತೈತಿ ಅನ್ಕೊಂಡೆ."

ವಿಚಾರಣೆಯಲ್ಲಿ ಹಾಳೆಯ ಮೇಲಿದ್ದದ್ದು ಅವರ ಸಹಿ. ಅನುಭವಿ ಇಂಜಿನಿಯರ್ ಲೆಕ್ಕ ತಪ್ಪಿದರು ಎಂದು ವರದಿಯಾಯಿತು. ಸಂಖ್ಯೆ ತುಂಬಿದವರು ಯಾರೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಬೇರೆ ಕಂಪನಿಯಲ್ಲಿದ್ದೇನೆ, ದಿನವೂ ಅದೇ ಸಾಫ್ಟ್‌ವೇರ್. ಒಂದೊಂದು ಸಂಖ್ಯೆ ತುಂಬುವಾಗಲೂ ಇದು ನಿಜವಾ ಎಂದು ಕೇಳಲು ಯಾರಾದರೂ ಪಕ್ಕದಲ್ಲಿರಬೇಕಿತ್ತು ಅನ್ನಿಸುತ್ತದೆ. ಅಂಥವರೊಬ್ಬರಿದ್ದರು. ಈಗ ಇಲ್ಲ.

ಈ ಭಾನುವಾರ ತಾರ್ನಾಕಕ್ಕೆ, ಅವರ ಮನೆಗೆ ಹೋದೆ. ಆರು ವರ್ಷದ ಮೇಲೆ. ಅವರ ಹೆಂಡತಿ, ನನಗೆ ಕಾಕು, ಅವಲಕ್ಕಿ ಹಚ್ಚಿ ಕೊಟ್ಟರು, ನಮ್ಮಮ್ಮನ ಮಂಡಿನೋವು ವಿಚಾರಿಸಿದರು. ಆಮೇಲೆ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತ, "ಒಂದು ಮಾತು ಕೇಳತೀನವಾ. ಅವರು ಲೆಕ್ಕಾ ತಪ್ಪಿದ್ದು ಖರೇನ?" ಅಂದರು.

"ಅಲ್ರಿ ಕಾಕು. ಆ ಲೆಕ್ಕಾ ನಂದು."

ಕಾಕು ಎದ್ದು ಹೋಗಿ ಹೊರಬಾಗಿಲು ತೆರೆದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದರು.